ಪುಸ್ತಕ ಬಂತು, ನಿಮ್ಮೆಲ್ಲರಿಂದ

ಹಳೆ ಗೋವಾದ ಕ್ರೈಸ್ತ ಕಲಾ ಮ್ಯೂಸಿಯಂ ಬಗ್ಗೆ ನಾವು ಮಾಡಿದ ಕನ್ನಡ ಕೈಪಿಡಿ ಮೊನ್ನೆ ಕಾಸರಗೋಡಿನಲ್ಲಿ ಬಿಡುಗಡೆಯಾಯಿತು. ನಮ್ಮ ಕಡೆಯವರು ಡಿಸೆಂಬರಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಸಂತರ ಶರೀರ ಇರುವ ಬಸಿಲಿಕಾ ಇಗರ್ಜಿ ನೋಡಿ ವಾಪಸ್. ಸ್ವಲ್ಪ ಮೇಲಕ್ಕೆ ನಡೆದರೆ ಸಾಂತಾ ಮೋನಿಕಾ ಕಾನ್ವೆಂಟ್, ಅಂದರೆ ಸನ್ಯಾಸಿನಿಯರ ಮಠ, ಉಂಟು. 1606ರಲ್ಲಿ ಕಟ್ಟಲು ಶುರುವಾದದ್ದು. ಅದರ ಇಗರ್ಜಿಯಲ್ಲೇ ಮ್ಯೂಸಿಯಂ. 1994ರಲ್ಲಿ ಗೋವಾದ ರಾಶೋಲ್ ಸೆಮಿನರಿಯಲ್ಲಿ (ಪಾದ್ರಿಗಳಾಗುವವರು ಕಲಿಯುವ ಜಾಗ) ಶುರುವಾಗಿ, 2002ರಲ್ಲಿ ಇಲ್ಲಿಗೆ ಬಂತು. ಅದನ್ನು ನೋಡದೆ ಯಾರೂ ಬರಬಾರದು ಅಂತ ನನ್ನ ಆಸೆ.

ಪೋರ್ಚುಗೀಸ್ ಹೆಸರುಗಳನ್ನು ತಿದ್ದಿದ ಫಾದರ್, ಕಾಗದಕ್ಕೆ ದುಡ್ಡು ಹಾಕಿದ ಬೇಳದ ಗೆಳೆಯರು, ಹಾಲ್ ಕೊಟ್ಟವರು, ಕುರ್ಚಿ ಹಾಕಿದ ಹುಡುಗರು: ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಜಾಸ್ತಿ ಹೇಳಬೇಕಾದ್ದು ಪುಸ್ತಕವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸಿದ ನಮ್ಮ ಡಿಟಿಪಿ ಅಕ್ಕನ ಬಗ್ಗೆ.

ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ ರಾತ್ರಿ. ಐಸಿಯು ಹೊರಗೆ ಬೆಂಚಿನಲ್ಲಿ ನಾನೊಬ್ಬಳೇ ಕೂತಿದ್ದೆ. ಕೊನೆಯ ಬಸ್ಸಿಗೆ ಅಕ್ಕ ಬಂದರು. ಒಂದು ಕೈಯಲ್ಲಿ ಗಂಜಿಯ ತೂಕುಪಾತ್ರೆ, ಇನ್ನೊಂದರಲ್ಲಿ ಪ್ರೂಫ್ ಹಾಳೆಗಳು. ನುಡಿ ಅನ್ನುವ ಟೈಪಿಂಗ್ ಸಾಫ್ಟ್‌ವೇರಿನಿಂದ ಯೂನಿಕೋಡ್ ಅಕ್ಷರಕ್ಕೆ ಹಾಕುವಾಗ ಕೆಟ್ಟಿದ್ದ ಒತ್ತಕ್ಷರಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ತಂದಿದ್ದರು.

"ಪುಸ್ತಕ ಯಾರಿಗೆ ಬೇಕು, ಒಲೆಗೆ ಹಾಕಿ" ಅಂದೆ. ಅಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕನ್ನಡಕ ಹಾಕಿ ಮೆಲ್ಲಗೆ ಓದಲು ಶುರು ಮಾಡಿದರು. ದಂತದ ಬಾಲಯೇಸುವಿನ ಪುಟ ಬಂತು. ಕುರಿ ಕಾಯುವ ಮಗು, ಕೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿ ಕೂತಿದೆ. "ನಮ್ಮ ಬುದ್ಧನ ಹಾಗೆಯೇ ಉಂಟಲ್ವಾ?" ಅಂದರು. ಹೌದು, ಕೆತ್ತಿದವರು ಈ ಕಡೆಯವರೇ ಅಲ್ವಾ. ಆಮೇಲೆ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ಇಡಲು ಮಾಡಿದ ಪೆಲಿಕನ್ ಹಕ್ಕಿಯ ಪುಟ.

"ಈ ಹಕ್ಕಿ ನಿಜವಾಗಿಯೂ ತನ್ನ ಎದೆ ಕುಕ್ಕಿ ಮರಿಗಳಿಗೆ ರಕ್ತ ಕೊಡ್ತದಾ?"

"ಇಲ್ಲ ಅಕ್ಕ, ಹಳೆ ಕಾಲದ ನಂಬಿಕೆ. ಯೇಸುವಿನ ಬಲಿಗೆ ಗುರುತು ಅಂತ ಇಡ್ತಾರೆ."

ಅಷ್ಟು ಹೇಳುವಾಗ ಅಳು ತಡೆಯಲಿಲ್ಲ. ಬೀಡಿ ಕಟ್ಟಿ ನಮ್ಮನ್ನು ಓದಿಸಿದ ಅಮ್ಮ ಒಳಗೆ ಪೈಪುಗಳ ನಡುವೆ ಮಲಗಿದ್ದಳು. ನನಗೆ ಆಗ ದೇವರ ಮೇಲೂ ಸಿಟ್ಟಿತ್ತು, ಅದನ್ನೂ ಅಕ್ಕನ ಹತ್ತಿರವೇ ಹೇಳಿದೆ. ಬೆಳಿಗ್ಗೆ ಡಾಕ್ಟರು ಬರುವ ತನಕ ಅವರು ನನ್ನ ಪಕ್ಕದಿಂದ ಏಳಲಿಲ್ಲ. ಮತ್ತೆ ಬಸ್ಸು ಹತ್ತಿ ಹೋಗಿ ಪ್ರೆಸ್ಸಿನ ಬಾಗಿಲು ತೆಗೆದರು.

ಅಮ್ಮ ಪುಸ್ತಕ ನೋಡಲಿಲ್ಲ. ಅದನ್ನು ಬರೆಯುವುದು ಈಗಲೂ ಕಷ್ಟ. ಪೆಲಿಕನ್ ಪುಟ ತೆಗೆದುಬಿಡಿ ಅಂತ ನಾನು ಹೇಳಿದಾಗ ಅಕ್ಕ ಒಪ್ಪಲಿಲ್ಲ. ಈಗ ಓದಿದವರು ಮೊದಲು ಕೇಳುವುದು ಆ ಪುಟದ ಬಗ್ಗೆಯೇ.

ಅಕ್ಕಾ, ನೀವು ಆ ಹಕ್ಕಿಯನ್ನು ನೋಡಿದ್ದು ಫೋಟೋದಲ್ಲಿ ಮಾತ್ರ. ಮಳೆ ಬಿಟ್ಟ ಮೇಲೆ ಮಡಗಾಂವ್‌ಗೆ ಟಿಕೆಟ್ ಮಾಡುತ್ತೇನೆ. ಪ್ರೆಸ್ಸಿಗೆ ಎರಡು ದಿನ ರಜೆ ಹಾಕಿ, ಬೇಡ ಅನ್ನಬೇಡಿ.