ನಿಶ್ಚಿತಾರ್ಥಕ್ಕೆ ಮೊದಲು, ಪುಟ್ಟಿಗೆ

ಶಿವಮೊಗ್ಗ
ಆಷಾಢ ಬಹುಳ ಪಂಚಮಿ

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದು ವಾರ ಆಯಿತು, ಬಟ್ಟೆ ಒಣಗುತ್ತಿಲ್ಲ, ಅಷ್ಟೇ ತೊಂದರೆ.

ಭಾನುವಾರ ನೀನು ಫೋನ್ ಇಟ್ಟ ಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಪಕ್ಕದಲ್ಲಿ ನಿನ್ನ ಮಾವ ಕೂತಿದ್ದರು, ಟಿವಿ ಬೇರೆ ಹಾಕಿತ್ತು. ಹೇಳಬೇಕಾದ್ದು ಅರ್ಧ ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಓದಬೇಡ, ರೂಮಿಗೆ ಹೋಗಿ ನಿಧಾನಕ್ಕೆ ಓದು.

ಹುಡುಗ ಒಳ್ಳೆಯವನ ಥರ ಕಾಣಿಸುತ್ತಾನೆ ಅಂದೆ. ಇರಬಹುದು. ಅವರು ಮನೆಗೆ ಬಂದಾಗ ಒಂದು ಸಲ, ಆಮೇಲೆ ಜಯನಗರದಲ್ಲಿ ಕಾಫಿಗೆ ಅಂತ ಎರಡು ಸಲ ನೋಡಿದ್ದೀಯ. ರಾತ್ರಿ ಫೋನಿನಲ್ಲಿ ಮಾತಾಡುತ್ತೀರಿ. ಜಾತಕದಲ್ಲಿ 36ಕ್ಕೆ 28 ಗುಣ ಕೂಡಿದೆ ಅಂತ ಅತ್ತಿಗೆ ಖುಷಿಯಲ್ಲಿದ್ದಾರೆ. ಶ್ರಾವಣ ಹುಟ್ಟಿದ ಕೂಡಲೇ ನಿಶ್ಚಿತಾರ್ಥ ಆಗಲಿ ಅಂತ ಅವರ ಕಡೆಯವರು ಪಟ್ಟು ಹಿಡಿದಿದ್ದಾರೆ.

ಇದೆಲ್ಲ ಹೇಳಿ ಮುಗಿಸಿ ಕೊನೆಗೆ ಸಣ್ಣ ದನಿಯಲ್ಲಿ ನೀನು ಇನ್ನೊಂದು ಹೇಳಿದೆ. "ಬೆಂಗಳೂರಲ್ಲಿದ್ದೂ ಸ್ಕೂಟಿ ಕಲಿತಿಲ್ವಾ?" ಅಂತ ಅವನು ಕೇಳಿದನಂತೆ. "ಟ್ರಾಫಿಕ್ ಅಂದ್ರೆ ಭಯ" ಅಂದೆಯಂತೆ. ನನ್ನ ನಿದ್ದೆ ಕೆಡಿಸಿದ್ದು ಆ ಮಾತೇ. ನಿನಗೆ ಟ್ರಾಫಿಕ್ ಭಯ ಇಲ್ಲ ಪುಟ್ಟಿ. ಫಿಟ್ಸ್ ಬರುತ್ತಿದ್ದ ಕಾಲದಲ್ಲಿ ಡಾಕ್ಟರು ಗಾಡಿ ಓಡಿಸಬೇಡ ಅಂದಿದ್ದರು, ಅದಕ್ಕೇ ನೀನು ಕಲಿಯಲಿಲ್ಲ.

ಅತ್ತಿಗೆಯ ಮೇಲೆ ನನಗೆ ಸಿಟ್ಟಿಲ್ಲ. "ಮೊದಲು ಮದುವೆ ಆಗಲಿ, ಒಂದು ಮಗು ಆಗಲಿ, ಆಮೇಲೆ ಮೆಲ್ಲಗೆ ಹೇಳಿದರಾಯಿತು" ಅಂತ ಅವರು ಅನ್ನುವುದು ಹೆದರಿಕೆಯಿಂದ. ಎರಡು ಸಂಬಂಧ ಬಂದು ತಪ್ಪಿಹೋದ ಮೇಲೆ ಯಾವ ತಾಯಿಗೂ ಹಾಗೆ ಅನ್ನಿಸುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ನಮ್ಮವರು ಗಾದೆಯನ್ನೇ ಮಾಡಿಟ್ಟಿದ್ದಾರಲ್ಲ. ಆ ಗಾದೆ ಹೇಳುವವರು ಮದುವೆ ಊಟ ಮುಗಿಸಿ ತಾಂಬೂಲ ತಗೊಂಡು ಮನೆಗೆ ಹೋಗುತ್ತಾರೆ. ಆ ಸುಳ್ಳನ್ನು ದಿನಾ ಬೆಳಿಗ್ಗೆ ಎದ್ದು ಕಾಯುವವಳು ಹುಡುಗಿ.

ಕಾಯುವುದು ಅಂದರೆ ಹೇಗಿರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮೂವತ್ತೊಂದು ವರ್ಷ ಹಳ್ಳಿ ಹಳ್ಳಿ ತಿರುಗಿ ನರ್ಸ್ ಕೆಲಸ ಮಾಡಿದವಳು ನಾನು. ಒಂದು ಮನೆಗೆ ಹೊಸ ಸೊಸೆ ಬಂದಿದ್ದಳು. ಬಾಣಂತಿ ವಿಚಾರಿಸಲು ಪಕ್ಕದ ಮನೆಗೆ ಹೋದವಳನ್ನು ಕೂಗಿ ಕರೆದರು. ಹುಡುಗಿ ಬಚ್ಚಲೊಲೆ ಮುಂದೆ ಬಿದ್ದಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಸುತ್ತ ನಿಂತವರು ದೆವ್ವ ಅಂದರು, ದೃಷ್ಟಿ ಅಂದರು. ಸಂಜೆ ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದಾಗ ಅವಳು ಬಾಯಿಬಿಟ್ಟಳು. ಹತ್ತು ವರ್ಷದಿಂದ ಮಾತ್ರೆ ತಗೊಳ್ಳುತ್ತಿದ್ದಳು. ತವರಿನವರು ಅದನ್ನು ಸಾಸಿವೆ ಡಬ್ಬಿಯೊಳಗೆ ಕಾಗದದಲ್ಲಿ ಸುತ್ತಿ ಕಳಿಸಿದ್ದರು. ಅಡುಗೆಮನೆಯಲ್ಲಿ ಯಾವಾಗಲೂ ಅತ್ತೆ ಇರುತ್ತಿದ್ದರು. ತೆಗೆಯುವುದಕ್ಕೆ ಆಗಲಿಲ್ಲ. ಒಂದು ದಿನ ತಪ್ಪಿತು, ಎರಡು ದಿನ ತಪ್ಪಿತು, ಐದನೇ ದಿನ ಬಿದ್ದಳು. ಅತ್ತೆ ಕೆಟ್ಟವರಾಗಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು, "ಒಂದು ಮಾತು ಹೇಳಿದ್ದರೆ ನಾನೇ ನೀರು ಕೊಟ್ಟು ಮಾತ್ರೆ ನುಂಗಿಸ್ತಿದ್ನಲ್ಲಮ್ಮ" ಅಂತ ನನ್ನ ಹತ್ತಿರ ಅತ್ತರು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. "ಒಬ್ಬ ಮನುಷ್ಯನನ್ನು ಗೊತ್ತು ಮಾಡಿಕೊಳ್ಳೋದು ಹೇಗೆ ಅತ್ತೆ, ಎಷ್ಟು ತಿಂಗಳು ಮಾತಾಡಿದರೆ ಸಾಕು?" ಅಂತ ಕೇಳಿದೆ. ತಿಂಗಳ ಲೆಕ್ಕ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದೇ. ನೀನು ನಿನ್ನ ಕಷ್ಟದ ವಿಷಯ ಹೇಳುವವರೆಗೂ ಅವನನ್ನು ನೀನು ನೋಡೇ ಇಲ್ಲ. ಕಾಫಿ ಕುಡಿಯುತ್ತಾ, ಯಾವ ಊರಿಗೆ ಟ್ರಿಪ್ ಹೋಗೋಣ ಅಂತ ಮಾತಾಡುವಾಗ ಎಲ್ಲರೂ ಚೆನ್ನಾಗೇ ಇರುತ್ತಾರೆ. ನಿನ್ನ ಮಾತ್ರೆಯ ವಿಷಯ ಕೇಳಿದ ಮೇಲೆ ಅವನು ಹೇಗಿರುತ್ತಾನೆ, ನೀನು ಮದುವೆ ಆಗುವುದು ಆ ಮನುಷ್ಯನನ್ನು.

ನನ್ನ ಮದುವೆಯ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. 1984ರಲ್ಲಿ ಆಯಿತು. ಉಪ್ಪಿಟ್ಟು ಕೇಸರಿಬಾತ್ ತಂದಿಟ್ಟು ಹತ್ತು ನಿಮಿಷ ಕೂತೆ, ಹಾಡು ಬರುತ್ತಾ ಅಂತ ಕೇಳಿದರು, ಅಷ್ಟೇ. ಮದುವೆ ಆಗಿ ಎಂಟನೇ ದಿನ ನಿನ್ನ ಮಾವ ನನ್ನನ್ನು ಹಿತ್ತಲಿಗೆ ಕರೆದು, ತಂಗಿ ಮದುವೆಗೆ ಸಾಲ ಮಾಡಿದ್ದೇನೆ, ಕಂತು ಕಟ್ಟಬೇಕು, ನಿನ್ನ ಬಳೆ ಕೊಡುತ್ತೀಯಾ ಅಂದರು. ಕೊಟ್ಟೆ. ಸಾಲ ತೀರಿತು, ಮೂರನೇ ವರ್ಷ ಬಳೆಯೂ ವಾಪಸ್ ಬಂತು. ನಿನ್ನ ಮಾವನಂಥ ಒಳ್ಳೆಯವರು ಕಡಿಮೆ, ಅದು ನಿನಗೂ ಗೊತ್ತು. ಆದರೆ ಎಷ್ಟೋ ವರ್ಷ ಅವರು ಒಂದು ವಿಷಯ ಹೇಳಿ ಮುಗಿಸಿದರೆ, ಇನ್ನೂ ಏನೋ ಹೇಳದೆ ಉಳಿಸಿಕೊಂಡಿದ್ದಾರೆ ಅಂತ ನನಗೆ ಅನ್ನಿಸುತ್ತಿತ್ತು. ಕಾಗದಪತ್ರ ಇಡುವ ಟ್ರಂಕನ್ನು ಕದ್ದು ತೆಗೆದು ನೋಡಿದ್ದೂ ಇದೆ. ಸಾಲದಿಂದ ನನಗೆ ನೋವಾಗಲಿಲ್ಲ. ಮೊದಲೇ ಹೇಳಿದ್ದರೂ ಬಳೆ ಕೊಡುತ್ತಿದ್ದೆ.

ಅದಕ್ಕೇ ಹೇಳುತ್ತೇನೆ, ಕೇಳದೇ ಇದ್ದರೂ ತನಗೆ ಕಷ್ಟದ ವಿಷಯವನ್ನು ತಾನೇ ಹೇಳುವ ಗುಣ ಅವನಲ್ಲಿ ಇದೆಯಾ ನೋಡು. ಸಂಬಳ, ಎತ್ತರ, ಸ್ವಂತ ಮನೆ ಎಲ್ಲ ಆಮೇಲೆ. ಆ ಗುಣ ನೋಡಬೇಕಾದರೆ ಮೊದಲು ನೀನು ಹೇಳಬೇಕು.

ಹೇಗೆ ಹೇಳುವುದು? ಮೆಸೇಜಿನಲ್ಲಿ ಬೇಡ. ರಾತ್ರಿ ಫೋನಿನಲ್ಲೂ ಬೇಡ. ಹಗಲು ಹೊತ್ತು, ಎದುರಿಗೆ ಕೂತು ಹೇಳು. ಲಾಲ್‌ಬಾಗಿನಲ್ಲಿ ಕೂರುವುದಕ್ಕೆ ಬೇಕಾದಷ್ಟು ಜಾಗ ಇದೆ. ಅಳುತ್ತಾ ಹೇಳಬೇಡ, ತಪ್ಪು ಒಪ್ಪಿಕೊಳ್ಳುವವರ ಹಾಗೆ ಹೇಳಬೇಡ. "ನನಗೆ ಮೂರ್ಛೆ ರೋಗ ಇದೆ. ಹದಿನಾಲ್ಕನೇ ವಯಸ್ಸಿನಲ್ಲಿ ಶುರುವಾಯಿತು. ಮಾತ್ರೆ ತಗೊಳ್ಳುತ್ತೇನೆ. ನಾಲ್ಕು ವರ್ಷದಿಂದ ಬಂದಿಲ್ಲ. ಕೊನೇ ಸಲ ಬಂದಿದ್ದು ಪರೀಕ್ಷೆಗೆ ನಿದ್ದೆಗೆಟ್ಟಾಗ." ಇಷ್ಟು ಸಾಕು. ಸ್ಕೂಟಿ ವಿಷಯವನ್ನೂ ಆಗಲೇ ಸರಿಮಾಡು. ಅವತ್ತು ಟ್ರಾಫಿಕ್ ಭಯ ಅಂದೆ, ಅದು ನಿಜ ಅಲ್ಲ ಅಂತ ಹೇಳು.

ನಿನಗೂ ಇದರ ಬಗ್ಗೆ ಸರಿಯಾಗಿ ಗೊತ್ತಿರಲಿ, ಅವನು ಕೇಳಿದರೆ ತಡವರಿಸಬಾರದು. ಸರಿಯಾದ ಔಷಧ ಸಿಕ್ಕರೆ ನೂರಕ್ಕೆ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇದು ಅಂಟುರೋಗ ಅಲ್ಲ. ಇದು ಇರುವ ಹೆಂಗಸರು ಹೆಚ್ಚಿನವರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಆದರೆ ಒಂದು ಎಚ್ಚರ ಬೇಕು. ಸೋಡಿಯಂ ವಾಲ್ಪ್ರೋಯೇಟ್ ಅಂತ ಒಂದು ಔಷಧ ಇದೆ, ಅದು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ನಿನ್ನ ಮಾತ್ರೆ ಯಾವುದು ಅಂತ ಡಾಕ್ಟರ ಹತ್ತಿರ ಈಗಲೇ ಕೇಳು. ಬದಲಿಸಬೇಕಾದರೆ ಬಸಿರಾಗುವ ಮೊದಲೇ, ಅವರ ಕೈಯಲ್ಲೇ ಬದಲಿಸಬೇಕು. ನೀನಾಗಿ ನಿಲ್ಲಿಸಬಾರದು. ಫೋಲಿಕ್ ಆಸಿಡ್ ಮಾತ್ರೆಯನ್ನೂ ಮೊದಲಿನಿಂದಲೇ ಕೊಡುತ್ತಾರೆ. ಗಂಡನಿಗೆ ಗೊತ್ತಿಲ್ಲದೆ ಇದನ್ನೆಲ್ಲ ಮಾಡಿಕೊಳ್ಳಲು ಆಗುತ್ತದಾ? "ಮಗು ಆದ ಮೇಲೆ ಹೇಳೋಣ" ಅನ್ನುವ ಅತ್ತಿಗೆಯ ಮಾತು ಇಲ್ಲಿ ನಿಲ್ಲುವುದೇ ಇಲ್ಲ.

ಕಾನೂನಿನ ಮಾತೂ ಇದೆ. ಪದೇ ಪದೇ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ ಅನ್ನುವ ಮಾತು 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಯೊಳಗೇ ಇತ್ತು. 1999ರಲ್ಲಿ ಅದನ್ನು ತೆಗೆದುಹಾಕಿದರು. ಹಳಬರು ಮುಚ್ಚಿಡುತ್ತಿದ್ದುದಕ್ಕೆ ಆ ಹೆದರಿಕೆಯೂ ಒಂದು ಕಾರಣ. ಈಗ ಆ ಕಾಯಿಲೆ ಮದುವೆಗೆ ಅಡ್ಡಿ ಅಲ್ಲ. ಆದರೆ ಮುಖ್ಯ ವಿಷಯ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದರು ಅಂತ ಕೋರ್ಟಿಗೆ ಹೋಗಿ ಮದುವೆ ರದ್ದು ಮಾಡಿ ಅಂತ ಕೇಳುವ ದಾರಿ ಅದೇ ಕಾಯ್ದೆಯಲ್ಲಿ ಇದೆ. ಅಂದರೆ ಇವತ್ತು ನಿನಗೆ ಅಪಾಯ ಇರುವುದು ಕಾಯಿಲೆಯಿಂದಲ್ಲ, ಮುಚ್ಚಿಡುವುದರಿಂದ. ಇದನ್ನು ಅತ್ತಿಗೆಗೂ ಹೇಳು. ಬೇಡ, ನಾನೇ ಹೇಳುತ್ತೇನೆ.

ಹೇಳಿದ ಮೇಲೆ ಏನು ನೋಡಬೇಕು ಅನ್ನುವುದು ದೊಡ್ಡದು. ಆ ಕ್ಷಣ ಅವನ ಮುಖ ಬಾಡಿದರೆ ಬೇಜಾರು ಮಾಡಿಕೊಳ್ಳಬೇಡ. ಯಾರಿಗಾದರೂ ಒಂದು ಗಳಿಗೆ ದಿಗಿಲಾಗುತ್ತದೆ. "ಅಯ್ಯೋ, ಅದೇನು ದೊಡ್ಡದಲ್ಲ ಬಿಡು" ಅಂತ ತಕ್ಷಣ ಅಂದರೂ ಕರಗಿಹೋಗಬೇಡ. ಅವನಿಗೆ ಒಂದು ವಾರ ಕೊಡು. ಆ ವಾರದಲ್ಲಿ ಅವನು ಏನು ಕೇಳುತ್ತಾನೆ ಅಂತ ಗಮನಿಸು. "ನಮ್ಮಮ್ಮನಿಗೆ ಮಾತ್ರ ಹೇಳಬೇಡ" ಅಂದರೆ, ಆ ಸಾಸಿವೆ ಡಬ್ಬಿಯನ್ನು ನೆನಪು ಮಾಡಿಕೊ. ಮದುವೆ ಖರ್ಚು, ಚಿನ್ನ, ಕಾರು ಅಂತ ಮಾತು ಆ ಕಡೆ ತಿರುಗಿದರೆ ಎದ್ದು ಬಾ, ಮುಂದಿನದು ನಾನೂ ಅಣ್ಣನೂ ನೋಡಿಕೊಳ್ಳುತ್ತೇವೆ. ನಿನ್ನ ಕಾಯಿಲೆಗೆ ವರದಕ್ಷಿಣೆ ಕಟ್ಟುವ ಮನೆ ನಮಗೆ ಬೇಡವೇ ಬೇಡ.

"ಫಿಟ್ಸ್ ಬಂದರೆ ನಾನು ಏನು ಮಾಡಬೇಕು?" ಅಂತ ಅವನು ಕೇಳಿದರೆ ನನಗೆ ಆ ದಿನವೇ ಫೋನ್ ಮಾಡು.

ಗಣಪತಿ ಹಬ್ಬದ ದಿನ ಸಾಗರದ ಮನೆ ಪಡಸಾಲೆಯಲ್ಲಿ ನೀನು ಬಿದ್ದಿದ್ದು ನಿನಗೆ ನೆನಪಿರುವುದಿಲ್ಲ, ನನಗಿದೆ. ಒಬ್ಬರು ಬೀಗದ ಕೈ ಗೊಂಚಲು ತಂದು ನಿನ್ನ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಈರುಳ್ಳಿ ಒಡೆದು ಮೂಗಿಗೆ ಹಿಡಿದರು. ಹಲ್ಲಿನ ಮಧ್ಯೆ ಚಮಚ ಇಡಲು ಹೋದವರ ಕೈಯನ್ನು ನಾನು ತಳ್ಳಿದೆ. ಅವು ಯಾವುವೂ ಬೇಕಿರಲಿಲ್ಲ. ನಿನ್ನನ್ನು ಎಡಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ನನ್ನ ಸೆರಗು ಮಡಿಸಿಟ್ಟು, ಗಡಿಯಾರ ನೋಡುತ್ತಾ ಕೂತೆ. ಎರಡು ನಿಮಿಷದಲ್ಲಿ ನಿಂತಿತು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ಆಟೋಗೆ ಹೇಳಿಯಾಗಿತ್ತು. ಇದನ್ನು ಕಲಿಯಲು ಅವನಿಗೆ ಹತ್ತು ನಿಮಿಷ ಸಾಕು. ಕಲಿಯಬೇಕು ಅಂತ ಅನ್ನಿಸಬೇಕು, ಅಷ್ಟೇ. ಸಾಧ್ಯವಾದರೆ ಮುಂದಿನ ತಪಾಸಣೆಗೆ ಅವನನ್ನೂ ಜೊತೆಗೆ ಕರೆದುಕೊಂಡು ಹೋಗು. ಡಾಕ್ಟರ ಮುಂದೆ ಅವನ ಅನುಮಾನ ಅವನೇ ಕೇಳಿಕೊಳ್ಳಲಿ. ಹೊರಗೆ ಟೋಕನ್ ಹಿಡಿದು ಎರಡು ಗಂಟೆ ಕಾಯುವಾಗ ಅವನು ಹೇಗಿರುತ್ತಾನೆ ಅನ್ನುವುದೂ ಕಾಣಿಸುತ್ತದೆ.

ಆಮೇಲೆ ನೀನೂ ಕೇಳು. "ನಾನು ಹೇಳಿದೆ, ನೀವು ನನಗೆ ಹೇಳಬೇಕಾದ್ದು ಏನಾದರೂ ಇದೆಯಾ?" ಅಂತ ಕೇಳಿ ಸುಮ್ನೆ ಕೂರು. ಸಾಲ, ಕಾಯಿಲೆ, ಹಿಂದೆ ಮುರಿದ ಸಂಬಂಧ, ತಮ್ಮನ ಓದಿನ ಖರ್ಚು, ಏನೂ ಇರಬಹುದು. ಇದ್ದರೆ ತಪ್ಪಲ್ಲ. ಅವರ ಮನೆಗೂ ಒಂದು ದಿನ ಹೋಗಿ ಬಾ, ಆದರೆ ಹಬ್ಬದ ದಿನ ಬೇಡ. ಹಬ್ಬದ ದಿನ ಎಲ್ಲರ ಮನೆಯೂ ಒಂದೇ ಥರ ಇರುತ್ತದೆ. ನಮ್ಮ ಕಾಲದಲ್ಲಿ ಹುಡುಗನ ಊರಿನ ದಿನಸಿ ಅಂಗಡಿಯಲ್ಲಿ, ಶಾಲೆ ಮೇಷ್ಟರ ಹತ್ತಿರ ವಿಚಾರಿಸುತ್ತಿದ್ದರು. ಅದನ್ನು ಅಣ್ಣ ಈಗಲೂ ಮಾಡಲಿ. ಮ್ಯಾಟ್ರಿಮೊನಿಯಲ್ಲಿ ಬರೆದುಕೊಂಡದ್ದು ಅವರೇ ಬರೆದುಕೊಂಡದ್ದು.

ಇದಕ್ಕೆಲ್ಲ ಶ್ರಾವಣದೊಳಗೆ ಸಮಯ ಸಾಲುವುದಿಲ್ಲ ಅಂತ ಗೊತ್ತು. ನಿಶ್ಚಿತಾರ್ಥ ಮುಂದಕ್ಕೆ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ. ಕಾರ್ತಿಕದಲ್ಲಿ ಮಾಡಬಹುದು, ಮಾಘದಲ್ಲಿ ಮದುವೆ ಮಾಡಬಹುದು. ಆತುರ ಯಾಕೆ ಅಂತ ಅವರನ್ನೂ ಕೇಳಬೇಕು, ಅದಕ್ಕೆ ಏನು ಉತ್ತರ ಕೊಡುತ್ತಾರೋ ನೋಡೋಣ. ಎಲ್ಲ ಕೂಡಿಬಂದರೆ ಅಭಿಜಿನ್ ಮುಹೂರ್ತ ಇಡಿಸು. ಮಧ್ಯಾಹ್ನದ ಮುಹೂರ್ತವಾದರೆ ಹಿಂದಿನ ರಾತ್ರಿ ನೀನು ಸರಿಯಾಗಿ ಮಲಗಬಹುದು. ಮೆಹಂದಿ, ಡ್ಯಾನ್ಸು ಅಂತ ಎರಡು ಗಂಟೆಯವರೆಗೆ ಕೂರಿಸಿದರೆ ನಾನೇ ಬಂದು ಲೈಟ್ ಆರಿಸುತ್ತೇನೆ.

ಹೇಳಿದ ಮೇಲೆ ಅವನು ಬೇಡ ಅಂದರೆ? ನೀನು ಅದನ್ನು ಕೇಳಲಿಲ್ಲ, ಆದರೆ ಫೋನಿನಲ್ಲಿ ಆ ಪ್ರಶ್ನೆ ನನಗೆ ಕೇಳಿಸಿತು. ನೋವಾಗುತ್ತದೆ ಪುಟ್ಟಿ. ಮೂರನೇ ಸಲ ಅಂತ ಇನ್ನೂ ಜಾಸ್ತಿ ಆಗುತ್ತದೆ. ಇಲ್ಲ ಅಂತ ನಾನು ಹೇಳುವುದಿಲ್ಲ. ಆಗ ರಜೆ ಹಾಕಿ ಇಲ್ಲಿಗೆ ಬಾ. ಹಿಂದಿನ ಕೋಣೆ ಖಾಲಿ ಇದೆ, ಹಲಸಿನ ಹಪ್ಪಳ ಡಬ್ಬ ತುಂಬ ಇದೆ. ಎಷ್ಟು ದಿನ ಬೇಕಾದರೂ ಇರು. ಏನೂ ಮಾತಾಡದೆ ಇದ್ದರೂ ಸರಿ.

ಗುರುವಾರ ಅಣ್ಣ ಅತ್ತಿಗೆ ಇಬ್ಬರ ಹತ್ತಿರವೂ ನಾನು ಮಾತಾಡುತ್ತೇನೆ. ಅಲ್ಲಿಯವರೆಗೆ ನೀನು ಮನೆಯಲ್ಲಿ ಜಗಳ ಮಾಡಬೇಡ. ಅವನಿಗೆ ಯಾವ ದಿನ ಹೇಳುತ್ತೀಯ ಅಂತ ನನಗೆ ಮೊದಲೇ ತಿಳಿಸು, ಆ ಹೊತ್ತಿಗೆ ದೇವರ ಮುಂದೆ ದೀಪ ಹಚ್ಚಿಟ್ಟಿರುತ್ತೇನೆ. ರಾತ್ರಿ ಎಂಟೂವರೆ ಮಾತ್ರೆ ತಪ್ಪಿಸಬೇಡ.

ನಿನ್ನ ಅತ್ತೆ