ಸರ್ವಿಸ್ ಆದ ಮೇಲೆ ಗುರಿ ಕೆಟ್ಟಿರುವ .22 ರೈಫಲ್: ಕೊನೆಯ ದೂರು

ಗೆ,
ವ್ಯವಸ್ಥಾಪಕರು,
ಬಂದೂಕು ಮಾರಾಟ ಮತ್ತು ದುರಸ್ತಿ ವಿಭಾಗ,
ಬೆಂಗಳೂರು.

ಮಾನ್ಯರೇ,

ಮಳೆಗಾಲ ಕಳೆದ ಮೇಲೆ ನನ್ನ .22 ಬೋಲ್ಟ್ ಆ್ಯಕ್ಷನ್ ರೈಫಲ್ಲನ್ನು ನಿಮ್ಮಲ್ಲಿ ಸರ್ವಿಸಿಗೆ ಕೊಟ್ಟು ವಾಪಸು ಪಡೆದಂದಿನಿಂದ ಅದರ ಗುರಿ ಕೆಟ್ಟಿದೆ ಎಂಬುದನ್ನು ಫೋನಿನಲ್ಲಿ, ಇಮೇಲಿನಲ್ಲಿ, ಕಡೆಗೆ ಖುದ್ದಾಗಿ ಬಂದು ತಿಳಿಸಿದ್ದೇನೆ. ಇನ್ನು ಮುಂದೆ ಎಲ್ಲವೂ ಬರಹದಲ್ಲೇ ಇರಲಿ ಎಂದು ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುತ್ತಿದ್ದೇನೆ.

ನಿಮ್ಮ ಜಾಬ್ ಕಾರ್ಡಿನ ಹಿಂಬದಿಯ 4ನೇ ಷರತ್ತು ನಿಮಗೆ ಗೊತ್ತೇ ಇರುತ್ತದೆ: ದುರಸ್ತಿಯಾದ ರೈಫಲ್ಲನ್ನು ಪರೀಕ್ಷೆಗಾಗಿ ಹಾರಿಸಿ, ಆ ಟಾರ್ಗೆಟ್ ಹಾಳೆಯೊಂದಿಗೆ ಹಿಂದಿರುಗಿಸತಕ್ಕದ್ದು. ನನಗೆ ಹಾಳೆ ಬರಲಿಲ್ಲ, ಬಿಲ್ಲು ಮಾತ್ರ ಬಂತು.

ತಪ್ಪು ರೈಫಲ್ಲಿನದಲ್ಲ, ಹೊಡೆಯುವವರದು ಎಂಬುದು ನಿಮ್ಮವರ ಸಿದ್ಧ ಉತ್ತರವಾದ್ದರಿಂದ, ಅನುಮಾನ ಬರಬಹುದಾದ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದ್ದೇನೆ. ರೇಂಜಿನಲ್ಲಿ ಗಾಳಿಯಿಲ್ಲದ ಬೆಳಗಿನ ಹೊತ್ತು, ಮರಳು ಚೀಲದ ಮೇಲೆ ರೈಫಲ್ ಇಟ್ಟು ಹೊಡೆದರೆ, ಮೊದಲು 50 ಮೀಟರಿನಲ್ಲಿ 25 ಮಿಲಿಮೀಟರಿನೊಳಗೆ ಕೂರುತ್ತಿದ್ದ ಐದು ಗುಂಡುಗಳು ಈಗ 80 ಮಿಲಿಮೀಟರಿನಷ್ಟು ಚದುರುತ್ತಿವೆ. ರಿಮ್‌ಫೈರ್ ತೋಟಾದ ಸಿಡಿಮದ್ದು ಅದರ ಅಂಚಿನೊಳಗೇ ಇರುವುದರಿಂದ ಅದನ್ನು ನಾವು ಮತ್ತೆ ತುಂಬಿ ಸರಿಪಡಿಸಿಕೊಳ್ಳುವಂತಿಲ್ಲ, ಲಾಟ್, ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ತೋಟಾಗಳ ತಂಡ, ಬದಲಾದರೆ ಗುರಿಯೂ ಬದಲಾಗಬಹುದು ಎಂಬುದು ನನಗೂ ಗೊತ್ತು. ಆದ್ದರಿಂದಲೇ ಮೊದಲು ಚೆನ್ನಾಗಿ ಹೊಡೆಯುತ್ತಿದ್ದ ಲಾಟಿನ, 40 ಗ್ರೇನ್ ತೂಕದ ಗುಂಡಿನ ತೋಟಾಗಳನ್ನೂ ಹೊಸ ಲಾಟನ್ನೂ ಹೋಲಿಸಿ ನೋಡಿದೆ, ಲಾಟ್ ಬದಲಿಸಿದಾಗಲೆಲ್ಲ ಬ್ಯಾರಲ್ ಹದಕ್ಕೆ ಬರುವವರೆಗಿನ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶಬ್ದದ ವೇಗವನ್ನು ಮೀರಿ ಹೊರಟು ದಾರಿಯಲ್ಲಿ ಅದಕ್ಕಿಂತ ಕೆಳಗಿಳಿಯುವಾಗ ಅಲುಗಾಡುವ ಹೈ ವೆಲಾಸಿಟಿ ತೋಟಾಗಳನ್ನಂತೂ ಮುಟ್ಟಲೇ ಇಲ್ಲ. ಸ್ಟಾಕಿನ ಸ್ಕ್ರೂಗಳನ್ನು ಸಮನಾಗಿ ಬಿಗಿದದ್ದಾಯಿತು. ನನ್ನ ಸ್ಕೋಪು ಸ್ನೇಹಿತರ ರೈಫಲ್ಲಿನ ಮೇಲೆ ನೆಟ್ಟಗೆ ಕೆಲಸ ಮಾಡುತ್ತದೆ. ಅವರ ಸ್ಕೋಪು ನನ್ನದರ ಮೇಲೆ ಏರಿದರೆ ಗುಂಡುಗಳು ಮತ್ತೆ ಚದುರುತ್ತವೆ. ಕ್ಲಬ್ಬಿನ ಎಳೆಯ ಶೂಟರ್ ಒಬ್ಬರು ಹೊಡೆದಾಗಲೂ ಅದೇ ಕಥೆ.

ಉಳಿದದ್ದು ಬ್ಯಾರಲ್. ಅದರ ಬಾಯಂಚನ್ನು, ಅಂದರೆ ಗುಂಡು ಹೊರಬೀಳುವ ತುದಿಯ ಅಂಚನ್ನು, ಭೂತಗನ್ನಡಿಯಲ್ಲಿ ನೋಡಿದರೆ ಬಲಭಾಗದಲ್ಲಿ ಒಂದು ಚಿಕ್ಕ ಕಚ್ಚು ಕಾಣುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಸವರಿದರೆ ಪ್ರತಿ ಸಲವೂ ಹತ್ತಿಯ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗುಂಡು ಬ್ಯಾರಲ್ ಬಿಡುವ ಕ್ಷಣದಲ್ಲಿ ಅದರ ಹಿಂದಿನ ಅನಿಲ ಸುತ್ತಲೂ ಸಮನಾಗಿ ಹೊರಬೀಳದೆ ಒಂದು ಕಡೆ ಹೆಚ್ಚು ನುಗ್ಗಿದರೆ ಗುಂಡು ಓರೆಯಾಗುತ್ತದೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೋಲ್ಟ್ ತೆಗೆದು ಹಿಂದಿನಿಂದ ಶುಚಿಗೊಳಿಸಬಹುದಾದ ರೈಫಲ್ಲಿಗೆ ನಿಮ್ಮ ಮೆಕ್ಯಾನಿಕ್ಕು ಮುಂದಿನಿಂದ ಕಬ್ಬಿಣದ ರಾಡು ತುರುಕುತ್ತಿದ್ದುದನ್ನು ಕೌಂಟರಿನಾಚೆಯಿಂದ ನಾನೇ ನೋಡಿ, ಆಗಲೇ ಬೇಡವೆಂದಿದ್ದೆ.

ಇಷ್ಟನ್ನು ಹೇಳಲೆಂದು ರೈಫಲ್, ಲೈಸೆನ್ಸ್, ಟಾರ್ಗೆಟ್ ಹಾಳೆಗಳನ್ನು ಹೊತ್ತು ಹಾಸನ, ಕುಣಿಗಲ್ ದಾರಿಯಾಗಿ ನಿಮ್ಮ ಅಂಗಡಿಗೆ ಬಂದೆ. ನಿಮ್ಮ ಕೌಂಟರಿನಲ್ಲಿದ್ದ ಯುವಕರು ಹಾಳೆಗಳನ್ನು ಮಡಿಕೆ ಸಹ ಬಿಚ್ಚದೆ ಪಕ್ಕಕ್ಕೆ ಸರಿಸಿ, “ಕೈ ಸ್ವಲ್ಪ ಮುಂದಕ್ಕೆ ಚಾಚಿ ಸಾರ್” ಎಂದರು. ಏಕೆಂದು ತಿಳಿಯದೆ ಚಾಚಿದೆ. ಬಿಲ್ ಪುಸ್ತಕದಿಂದ ಒಂದು ತೆಳು ಹಾಳೆ ಹರಿದು ನನ್ನ ಬೆರಳುಗಳ ಮೇಲಿಟ್ಟು, ಅಲ್ಲಿ ಕುಳಿತಿದ್ದ ಇತರ ಗ್ರಾಹಕರ ಕಡೆ ತಿರುಗಿ, “ನೋಡಿ, ಹೆಂಗೆ ನಡುಗ್ತಿದೆ” ಎಂದರು. ನಡುಗುತ್ತಿತ್ತು, ನಿಜ, ನೆತ್ತಿಯ ಮೇಲೆ ಫ್ಯಾನು ಐದರಲ್ಲಿ ತಿರುಗುತ್ತಿತ್ತು. ಫ್ಯಾನ್ ಆರಿಸಿ ನೋಡಿ ಎಂದೆ. “ಸೆಕೆ ಸಾರ್” ಎಂದರು. ಒಬ್ಬರು ನಕ್ಕರು, ಇನ್ನೊಬ್ಬರು ನಗು ತಡೆದುಕೊಂಡು ಮೊಬೈಲ್ ನೋಡತೊಡಗಿದರು. ಹಾಳೆ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಅದನ್ನು ಬಗ್ಗಿ ಎತ್ತಿಕೊಟ್ಟವನೂ ನಾನೇ. “ವಯಸ್ಸಾದ್ಮೇಲೆ ಇದೆಲ್ಲ ಮಾಮೂಲಿ, ಮಗನ ಕೈಲಿ ಹೊಡೆಸಿ. ಅಷ್ಟಕ್ಕೂ ತೋಟದ ಹಂದಿಗೆ ತಾನೆ, ಎಲ್ಲಿ ತಗುಲಿದ್ರೇನು?” ಎಂಬುದು ಅವರ ತಾಂತ್ರಿಕ ವರದಿ. ಟಾರ್ಗೆಟ್ ಶೂಟಿಂಗಿಗೆಂದು ಕೋವಿ ಇಟ್ಟುಕೊಂಡವನನ್ನು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ, ನಾಲ್ಕು ಜನರೆದುರು ಕಳ್ಳಬೇಟೆಯವನನ್ನಾಗಿ ಮಾಡುವ ಸೌಲಭ್ಯಕ್ಕೆ ನೀವು ಪ್ರತ್ಯೇಕ ಶುಲ್ಕ ವಿಧಿಸಲಿಲ್ಲ, ಉಪಕಾರವಾಯಿತು.

ಬ್ಯಾರಲ್ಲಿನ ಬಾಯಂಚನ್ನು ನಿಮ್ಮ ಖರ್ಚಿನಲ್ಲಿ ಹೊಸದಾಗಿ ಕೊರೆಸಿ, 4ನೇ ಷರತ್ತಿನ ಹಾಳೆಯೊಂದಿಗೆ ಹದಿನೈದು ದಿನಗಳೊಳಗೆ ಕೊಡತಕ್ಕದ್ದು, ಇಲ್ಲವೇ ಸರ್ವಿಸ್ ಹಣವನ್ನೂ ಬೇರೆಡೆ ದುರಸ್ತಿ ಮಾಡಿಸುವ ವೆಚ್ಚವನ್ನೂ ಕೊಡತಕ್ಕದ್ದು. ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರನ್ನು ನಾನಿರುವ ಜಿಲ್ಲೆಯಲ್ಲೇ ದಾಖಲಿಸಬಹುದು. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಪ್ರತಿ ವಾಯಿದೆಗೂ ನಿಮ್ಮವರು ಘಾಟಿ ರಸ್ತೆಯ ಊರಿಗೆ ಬರಬೇಕಾದೀತು, ನಮ್ಮಲ್ಲಿ ಸೆಕೆ ಇಲ್ಲವಾದ್ದರಿಂದ ಫ್ಯಾನಿನ ತೊಂದರೆಯಿರದು. ಜೊತೆಗೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಕೋವಿ ದುರಸ್ತಿಗೂ ಲೈಸೆನ್ಸ್ ಬೇಕೆಂಬುದು ನಿಮಗೆ ತಿಳಿದೇ ಇದೆ. ನನ್ನ ರೈಫಲ್ ನಿಮ್ಮಲ್ಲಿದ್ದ ದಿನಗಳಲ್ಲಿ ಅದನ್ನು ನಿಮ್ಮ ರಿಜಿಸ್ಟರಿನಲ್ಲಿ ನಮೂದಿಸಲಾಗಿತ್ತೇ, ಯಾರ ಸಹಿಯಿದೆ ಎಂದು ಪರಿಶೀಲಿಸುವಂತೆ ನಿಮ್ಮ ಲೈಸೆನ್ಸ್ ಪ್ರಾಧಿಕಾರಕ್ಕೆ ಬರೆದ ಅರ್ಜಿ ಈಗಾಗಲೇ ಟೈಪಾಗಿದೆ; ದಿನಾಂಕವೊಂದನ್ನು ಖಾಲಿ ಬಿಟ್ಟಿದ್ದೇನೆ.

ಇತಿ,
(ಸಹಿ)
ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು,
ಚಿಕ್ಕಮಗಳೂರು ಜಿಲ್ಲೆ

ಲಗತ್ತು: ಟಾರ್ಗೆಟ್ ಹಾಳೆಗಳ ನಕಲು, ಬಾಯಂಚಿನ ಫೋಟೋ, ಜಾಬ್ ಕಾರ್ಡಿನ ಎರಡೂ ಬದಿಯ ನಕಲು.