ಒಂಟೆ ಸಂತೆ ಉಳಿಯಬೇಕಾದರೆ: ರಾಜಸ್ಥಾನದ ಪಶುಸಂಗೋಪನಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಪುಷ್ಕರದ ಕಾರ್ತಿಕ ಜಾತ್ರೆಯಲ್ಲಿ ಸೇರುವ ಒಂಟೆ ಸಂತೆಯ ಬಗ್ಗೆ, ಮತ್ತು ಅದನ್ನು ವರ್ಷದಿಂದ ವರ್ಷಕ್ಕೆ ಬಡವಾಗಿಸುತ್ತಿರುವ ಒಂದು ಕಾಯ್ದೆಯ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ. ನಾನು ಕರ್ನಾಟಕದ ಒಬ್ಬ ನಿವೃತ್ತ ಪಶುವೈದ್ಯ. ಹಿಂದಿ ಪ್ರತಿಯನ್ನು ತಮ್ಮ ಕಚೇರಿಗೆ ಕಳಿಸಿದ್ದೇನೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಬಲ್ಲ ನಮ್ಮವರಿಗೂ ಈ ವಿಷಯ ತಿಳಿದಿರಲೆಂದು ಕನ್ನಡದಲ್ಲಿಯೂ ಪ್ರಕಟಿಸುತ್ತಿದ್ದೇನೆ.

ಮರುಭೂಮಿಯ ಜಾತ್ರೆಗಳಲ್ಲಿ ದೇವರ ಕಾರ್ಯವನ್ನೂ ಜಾನುವಾರು ವ್ಯಾಪಾರವನ್ನೂ ಬೇರ್ಪಡಿಸಿ ನೋಡಿದವರಿಲ್ಲ. ಪರಬತ್‌ಸರದ ಜಾತ್ರೆ ನಡೆಯುವುದು ಕಳ್ಳರ ಪಾಲಾದ ಗೋವುಗಳನ್ನು ಬಿಡಿಸಿ ತಂದ ತೇಜಾಜಿಯ ಹೆಸರಿನಲ್ಲಿ. ನಾಗೌರಿನದು ರಾಮದೇವಜಿಯ ಹೆಸರಿನಲ್ಲಿ. ಚೈತ್ರದ ಹೊತ್ತಿಗೆ ಲೂಣಿ ನದಿಯ ಒಣ ಪಾತ್ರದಲ್ಲಿ ಸೇರುವ ತಿಲವಾಡಾದ್ದು ರಾವಲ್ ಮಲ್ಲಿನಾಥರ ಹೆಸರಿನಲ್ಲಿ. ಒಂಟೆ ಸಾಕುವ ರಾಯ್ಕಾ ಜನರಿಗೆ ಪಾಬೂಜಿ ದೇವರು, ಏಕೆಂದರೆ ಮಾರವಾಡಕ್ಕೆ ಒಂಟೆಯನ್ನು ತಂದವನು ಅವನೇ ಎಂಬುದು ಅವರ ನಂಬಿಕೆ. ಏಕಾದಶಿಯಿಂದ ಹುಣ್ಣಿಮೆಯವರೆಗೆ ಪುಷ್ಕರ ಸರೋವರದಲ್ಲಿ ಮಿಂದು ಬ್ರಹ್ಮನ ದರ್ಶನ ಪಡೆಯುವ ಯಾತ್ರಿಕನೇ ಎಷ್ಟೋ ಸಲ ಮರಳ ದಿಬ್ಬದ ಮೇಲೆ ಒಂಟೆ ಕಟ್ಟಿಕೊಂಡು ಕುಳಿತ ಮಾರಾಟಗಾರನೂ ಆಗಿರುತ್ತಿದ್ದ, ಮತ್ತು ಸಾಲ ತೀರಿಸುವುದಕ್ಕೋ ಮಗಳ ಮದುವೆಗೋ ಬೇಕಾದ ಹಣ ಅವನಿಗೆ ಅಲ್ಲಿಯೇ ಹುಟ್ಟುತ್ತಿತ್ತು.

ತಮ್ಮ ರಾಜ್ಯ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿತು. 2015ರಲ್ಲಿ ಅದರ ವಧೆಯನ್ನು ನಿಷೇಧಿಸಿ, ಹೊರರಾಜ್ಯಕ್ಕೆ ಸಾಗಿಸುವುದನ್ನು ನಿಯಂತ್ರಿಸುವ ಕಾಯ್ದೆಯನ್ನು ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಜಾನುವಾರು ಗಣತಿಯಂತೆ 2012ರಲ್ಲಿ ಸುಮಾರು 3.26 ಲಕ್ಷವಿದ್ದ ರಾಜಸ್ಥಾನದ ಒಂಟೆಗಳು 2019ರಲ್ಲಿ ಸುಮಾರು 2.13 ಲಕ್ಷಕ್ಕೆ ಇಳಿದಿದ್ದವು. ಎಲ್ಲಕ್ಕೂ ಕಾಯ್ದೆಯೇ ಕಾರಣವೆಂದರೆ ಅನ್ಯಾಯವಾದೀತು. ಟ್ರ್ಯಾಕ್ಟರು, ಜೀಪುಗಳು ಒಂಟೆಯ ಕೆಲಸವನ್ನು ಕಸಿದುಕೊಂಡಿವೆ. ಹುಲ್ಲುಗಾವಲುಗಳೂ ದೇವರ ಹೆಸರಿನಲ್ಲಿ ಕಾಯ್ದಿಟ್ಟ ಓರಣ್ ಕಾಡುಗಳೂ ಕುಗ್ಗಿವೆ. ಕಾಯ್ದೆ ಕೊಟ್ಟ ಪೆಟ್ಟು ಬೇರೆ ಬಗೆಯದು. ಹೆಣ್ಣೊಂಟೆಯನ್ನು ಸಾಕುವವರು ಹಿಂಡಿನಲ್ಲಿಯೇ ಉಳಿಸಿಕೊಳ್ಳುತ್ತಾರೆ. ಸಂತೆಗೆ ಬರುವುದು ಬಹುಮಟ್ಟಿಗೆ ಗಂಡು. ಹೊರರಾಜ್ಯದ ಗಿರಾಕಿಗಳು, ಗಾಡಿಗೆ ಹೂಡಲೆಂದೇ ಕೊಳ್ಳುವ ಪ್ರಾಮಾಣಿಕರೂ ಸೇರಿದಂತೆ, ಪರವಾನಗಿಗಾಗಿ ಅಲೆಯುವ ತಾಪತ್ರಯಕ್ಕೂ ದಾರಿಯಲ್ಲಿ ಲಾರಿ ತಡೆಯುವವರ ಭಯಕ್ಕೂ ಅಂಜಿ ದೂರವಾದ ಮೇಲೆ ಆ ಗಂಡಿಗೆ ಬೆಲೆ ಇಲ್ಲವಾಯಿತು. ಬೆಲೆ ಬಾರದ ಮರಿಗಳಿಗಾಗಿ ಹಿಂಡು ಮೇಯಿಸುವ ಕೆಲಸಕ್ಕೆ ರಾಯ್ಕಾ ಯುವಕರು ಏಕೆ ನಿಲ್ಲಬೇಕು? ಈಚಿನ ವರ್ಷಗಳಲ್ಲಿ ಪುಷ್ಕರಕ್ಕೆ ಒಂಟೆಗಳಿಗಿಂತ ಕುದುರೆಗಳೇ ಹೆಚ್ಚಾಗಿ ಬರುತ್ತಿವೆ. (ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ಮಾತ್ರ ಒಂಟೆಯದೇ ಚಿತ್ರ.)

ಹುಟ್ಟಿದ ಮರಿಗೆ ಸರ್ಕಾರ ಕೊಡುವ ಸಹಾಯಧನವನ್ನು ನಾನು ಅಲ್ಲಗಳೆಯುವುದಿಲ್ಲ. ನೆರೆಯ ಕಚ್ಛ್‌ನ ಒಂಟೆ ಹಾಲನ್ನು ಅಮುಲ್ 2019ರಲ್ಲಿ ಮಾರುಕಟ್ಟೆಗೆ ತಂದದ್ದೂ ಅನುಸರಿಸತಕ್ಕ ದಾರಿಯೇ. ಆದರೆ ಹಾಲಿನ ಹಣ ಹೆಣ್ಣೊಂಟೆಯನ್ನು ಉಳಿಸೀತೇ ಹೊರತು ಗಂಡಿಗೆ ಗಿರಾಕಿಯನ್ನು ತರಲಾರದು.

ವಧೆಯ ನಿಷೇಧವನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಸಾಗಣೆಯ ಪರವಾನಗಿ ಜಾತ್ರೆಯ ಮೈದಾನದಲ್ಲಿಯೇ, ಅದೇ ದಿನ ಸಿಗುವಂತಾಗಬೇಕು. ಮಾರಾಟವಾದ ಪ್ರಾಣಿಗೆ ತಮ್ಮ ಇಲಾಖೆ ಜಾತ್ರೆಯಲ್ಲಿ ರವನ್ನಾ ಚೀಟಿ, ಅಂದರೆ ಪ್ರಾಣಿಯನ್ನು ಜಾತ್ರೆಯಿಂದ ಕೊಂಡೊಯ್ಯುವ ರಹದಾರಿ, ಕೊಡುವ ಪದ್ಧತಿ ಹೇಗೂ ಇದೆ. ಪರವಾನಗಿ ಕೊಡುವ ಅಧಿಕಾರಿಯನ್ನೂ ಪಶುವೈದ್ಯರ ಪಕ್ಕದಲ್ಲಿಯೇ ಕೂರಿಸಿ, ಒಂಟೆಯ ಕಿವಿಗೆ ಸಂಖ್ಯೆಯ ಓಲೆ ಹಾಕಿಸಿ, ಕೊಂಡವರ ಊರು, ವಿಳಾಸ ಬರೆಸಿಕೊಂಡರೆ, ಆ ಪ್ರಾಣಿ ಮುಂದೆ ಎಲ್ಲಿದೆಯೆಂದು ಪರಿಶೀಲಿಸುವುದು ಈಗಿನದಕ್ಕಿಂತ ಸುಲಭವಾಗುತ್ತದೆ. ಕಾನೂನಿಗೆ ಹೆದರಿ ಮುಚ್ಚುಮರೆಯಲ್ಲಿ ನಡೆಯುವ ವ್ಯಾಪಾರದಲ್ಲಿ ಒಂಟೆಗೆ ಯಾವ ರಕ್ಷಣೆಯೂ ಇಲ್ಲ.

ಇದರೊಡನೆ, ಪುಷ್ಕರದ ದಿಬ್ಬಗಳಲ್ಲಿ ಒಂಟೆಗಳು ಬೀಡುಬಿಡುವ ಜಾಗವನ್ನು ಅಳೆದು ಗುರುತಿಸಿ, ರೆಸಾರ್ಟು ಮತ್ತು ಐಷಾರಾಮಿ ಡೇರೆಗಳು ಅಲ್ಲಿಗೆ ಚಾಚದಂತೆ ನೋಡಿಕೊಳ್ಳಬೇಕು.

ಇದಕ್ಕೆ ನಿಯಮಗಳ ತಿದ್ದುಪಡಿ ಸಾಕೋ, ಕಾಯ್ದೆಯನ್ನೇ ತಿದ್ದಬೇಕೋ ಎಂಬುದನ್ನು ತಮ್ಮ ಕಾನೂನು ಇಲಾಖೆ ನಿರ್ಧರಿಸಲಿ. ಬರುವ ಕಾರ್ತಿಕಕ್ಕೆ ಮುನ್ನ ರಾಯ್ಕಾ ಸಮುದಾಯದ ಹಿರಿಯರನ್ನೂ ಬಿಕಾನೇರಿನ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರದ ತಜ್ಞರನ್ನೂ ಒಂದೇ ಸಭೆಗೆ ಕರೆಯಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ನಿವೃತ್ತ ಪಶುವೈದ್ಯ